ಗೆಲ್ಲಲೆಂದು ನಿಲ್ಲಿಸಿದ ಮಾತ್ರೆ

ಮೊದಲು ಎರಡಾದದ್ದು ಬೋರ್ಡಿನ ಮೇಲಿನ ಗೆರೆ.

ಬ್ರಹ್ಮಾವರದ ಒಂದು ಪಿಯು ಕಾಲೇಜಿನಲ್ಲಿ ನಾನು ಅರ್ಥಶಾಸ್ತ್ರ ಕಲಿಸುತ್ತೇನೆ. ಅತಿಥಿ ಉಪನ್ಯಾಸಕಿ. ಅಂದರೆ ವರ್ಷ ವರ್ಷವೂ ಹೊಸದಾಗಿ ಕರೆಯಬೇಕಾದ ಅತಿಥಿ. ಅಂದು ಊಟದ ನಂತರದ ಪೀರಿಯಡ್. ಬೇಡಿಕೆಯ ರೇಖೆ ಎಳೆದು ಹಿಂದೆ ಸರಿದು ನೋಡಿದರೆ ಎರಡು ರೇಖೆ. ನಾನು ಎಳೆದದ್ದು ಒಂದೇ. ಎಡಗಣ್ಣು ಮುಚ್ಚಿದೆ, ಒಂದಾಯಿತು. ತೆರೆದೆ, ಎರಡಾಯಿತು. ಮೇಡಂ ಕಣ್ಣು ಹೊಡೆಯುತ್ತಿದ್ದಾರೆ ಎಂದು ಹಿಂದಿನ ಬೆಂಚು ನಕ್ಕಿತು. ನಾನೂ ನಕ್ಕೆ. ಆಗಿನ್ನೂ ನನಗೆ ನಗಲು ಬರುತ್ತಿತ್ತು.

ನಿದ್ದೆ ಸಾಲುತ್ತಿಲ್ಲ ಅಂದುಕೊಂಡೆ. ಮರುವಾರ ಸಂಜೆಯ ಹೊತ್ತಿಗೆ ಬಲಗಣ್ಣಿನ ರೆಪ್ಪೆ ಅರ್ಧಕ್ಕೆ ಇಳಿಯತೊಡಗಿತು. ಮೊಬೈಲ್ ನೋಡಿದ್ದು ಹೆಚ್ಚಾಯಿತು ಅಂದುಕೊಂಡೆ. ಅದರ ಮರುವಾರ ನಾಲ್ಕು ಗಂಟೆ ಕಳೆದ ಮೇಲೆ ದನಿ ಮೂಗಿನಿಂದ ಬರತೊಡಗಿತು. ಮುಂಬಯಿಯ ಹೋಟೆಲೊಂದರಲ್ಲಿ ಮ್ಯಾನೇಜರ್ ಆಗಿರುವ ಅಪ್ಪಯ್ಯ ಫೋನಿನಲ್ಲಿ ಗಾಬರಿಯಾದರು.

"ಎಂತ ಮಗಾ, ಮರ್ಕ್ತಾ ಇದ್ಯಾ?"

ಅಳುತ್ತಿಲ್ಲ, ಶೀತ ಅಂದೆ.

ಎಲ್ಲದಕ್ಕೂ ನನ್ನ ಬಳಿ ಕಾರಣವೊಂದು ತಯಾರಿರುತ್ತಿತ್ತು. ಅದು ತರಬೇತಿಯ ಫಲ. ಎಂಟನೇ ತರಗತಿಯಿಂದ ಎಂ.ಎ. ಮುಗಿಯುವವರೆಗೆ ನಾನು ಏರದ ಚರ್ಚಾಸ್ಪರ್ಧೆಯ ವೇದಿಕೆ ಈ ಕಡೆ ಕಡಿಮೆ. ಪರವೋ ವಿರೋಧವೋ, ಚೀಟಿಯಲ್ಲಿ ಬಂದದ್ದನ್ನು ಹಿಡಿದು ಐದು ನಿಮಿಷ ಮಾತಾಡಿ ಗೆದ್ದು ಬರುತ್ತಿದ್ದೆ. ವೇದಿಕೆಯ ಹೊರಗೂ ಅದೇ ಚಾಳಿ. ಬ್ರಹ್ಮಾವರದಲ್ಲಿ ನಾನಿರುವ ಬಾಡಿಗೆ ಕೋಣೆ ಕೂಡ ವಾದ ಮಾಡಿ ಗೆದ್ದದ್ದೇ. ನಮ್ಮ ಮನೆ ಹಾಲಾಡಿಯಿಂದ ಸ್ವಲ್ಪ ಒಳಗೆ. "ಬಸ್ ಇತ್ತಲ್ದಾ, ದಿನಾ ಹೋಯ್ ಬಪ್ಪುಕ್ ಎಂತ ಕಷ್ಟ?" ಎಂದು ಅಮ್ಮ ಒಂದು ತಿಂಗಳು ಹೇಳಿದಳು. ಹೋಗಿ ಬರಲು ಮೂರು ಗಂಟೆಯ ಪ್ರಯಾಣ, ಅದರಲ್ಲಿ ಹಾಳಾಗುವ ಓದು, ಇಪ್ಪತ್ತಾರು ವರ್ಷದ ಹೆಣ್ಣಿಗೆ ತನ್ನದೇ ಬಾಗಿಲು ಬೇಕು ಎಂಬ ತತ್ವ, ಎಲ್ಲವನ್ನೂ ಮಂಡಿಸಿದೆ. ಅಮ್ಮ ಕೊನೆಗೆ, "ನಿನ್ ಹತ್ರ ಮಾತಾಡಿ ಯಾರ್ ಗೆಲ್ಲುಕಾತ್ತ್, ಹೋಗ್" ಅಂದಳು. ಒಬ್ಬಳೇ ಇರುವುದು ನನಗೆ ಬರೀ ಅನುಕೂಲವಾಗಿರಲಿಲ್ಲ. ನನ್ನ ಬದುಕು ನನ್ನ ಕೈಯಲ್ಲಿದೆ ಎನ್ನುವುದಕ್ಕೆ ಆ ಕೋಣೆಯೇ ಆಧಾರ. ಕಾಯಿಲೆ ಅಂತ ಆದರೆ ಮೊದಲು ಹೋಗುವುದು ಆ ಕೋಣೆ ಎಂದು ನನಗೆ ಗೊತ್ತಿತ್ತು. ಹಾಗಾಗಿ ಅಮ್ಮನಿಗೆ ಹೇಳಲಿಲ್ಲ.

ಡಾಕ್ಟರರ ಬಳಿ ಹೋದೆ, ಒಬ್ಬಳೇ. ಕುಂದಾಪುರದಲ್ಲಿ ಕಣ್ಣಿನವರು, ಕಿವಿ ಮೂಗು ಗಂಟಲಿನವರು, ಆಮೇಲೆ ಜನರಲ್ ಮೆಡಿಸಿನ್‌ನವರು. ಮೂವರೂ ಬೆಳಿಗ್ಗೆ ಹತ್ತಕ್ಕೆ ಕೂರುತ್ತಾರೆ. ಬೆಳಿಗ್ಗೆ ಹತ್ತಕ್ಕೆ ನನ್ನ ರೆಪ್ಪೆ ಮೇಲೆಯೇ ಇರುತ್ತದೆ, ದನಿ ಗಂಟೆ ಬಾರಿಸಿದ ಹಾಗೆ ಇರುತ್ತದೆ, ಜಗತ್ತು ಒಂದೇ ಕಾಣುತ್ತದೆ. ಸಾಕ್ಷ್ಯ ಎಲ್ಲಿ ಎಂದು ಊರವರನ್ನೆಲ್ಲ ಕೇಳಿಕೊಂಡು ಬಂದವಳ ಸಾಕ್ಷ್ಯ, ಡಾಕ್ಟರರ ಬಾಗಿಲು ತೆರೆಯುವ ಹೊತ್ತಿಗೆ ಸರಿಯಾಗಿ ತಲೆಮರೆಸಿಕೊಳ್ಳುತ್ತಿತ್ತು. ಮೂರನೆಯವರು ಬಿ12 ಮಾತ್ರೆ ಬರೆದು ಕೇಳಿದರು:

"ಸ್ಟ್ರೆಸ್ ಇದೆಯಾ? ಮನೆಯಲ್ಲಿ ಮದುವೆ ಮಾತುಕತೆ ಏನಾದ್ರೂ?"

"ಸಂಜೆ ಬಂದ್ರೆ ತೋರಿಸ್ತೇನೆ ಸರ್."

"ಸಂಜೆ ನಾನಿಲ್ಲ."

ಅಷ್ಟರಲ್ಲಿ ನಗು ಹೋಯಿತು.

ಇದನ್ನು ಹೇಗೆ ವಿವರಿಸಲಿ? ನಗಬೇಕು ಅನಿಸುತ್ತದೆ. ತುಟಿಯ ಮಧ್ಯಭಾಗ ಮೇಲೇಳುತ್ತದೆ, ಎರಡು ತುದಿ ಮಾತ್ರ ಅಲ್ಲೇ ಬಿದ್ದಿರುತ್ತವೆ. ಕನ್ನಡಿಯಲ್ಲಿ ನೋಡಿದೆ, ನಾಯಿ ಗುರ್ ಅನ್ನುವ ಮೊದಲು ಹಲ್ಲು ತೋರಿಸುವ ಹಾಗೆ. ಮೊದಲೇ ನಾನು ಸ್ಟಾಫ್ ರೂಮಿನಲ್ಲಿ ಜಗಳಗಂಟಿ ಎಂದು ಹೆಸರಾದವಳು. ಈಗ ಜೋಕು ಹೇಳಿದವರ ಮುಖಕ್ಕೇ ಹಲ್ಲು ಕಿರಿಯುತ್ತಿದ್ದೆ. "ಎಂತ ಮೇಡಂ, ನಮ್ ಮೇಲ್ ಸಿಟ್ಟಾ?" ಎಂದು ಒಬ್ಬರು ಕೇಳಿದರು. ಇಲ್ಲ ಅಂದದ್ದು ಮೂಗಿನಿಂದ ಹೊರಟಿತು. ಅದು ಅಣಕದಂತೆ ಕೇಳಿಸಿತು. ಆಮೇಲೆ ಯಾರೂ ಕೇಳಲಿಲ್ಲ. ಚಹಾಕ್ಕೆ ಕರೆಯುವುದು ನಿಂತಿತು. ಸಂದೇಹ ಕೇಳಲು ಬರುತ್ತಿದ್ದ ಹುಡುಗಿಯರು ಬಾಗಿಲವರೆಗೆ ಬಂದು ನನ್ನ ಮುಖ ನೋಡಿ ತಿರುಗಿ ಹೋಗುತ್ತಿದ್ದರು. ಮನುಷ್ಯರ ನಡುವಿನ ಎಷ್ಟೊಂದು ವ್ಯವಹಾರ ಒಂದು ಸಣ್ಣ ನಗುವಿನ ಮೇಲೆ ನಡೆಯುತ್ತದೆ, ಮಾತು ಬರೀ ಆಮೇಲಿನದು ಎಂದು ನಾನು ಎಂದೂ ಯೋಚಿಸಿರಲಿಲ್ಲ.

ಕೋಣೆಗೆ ಬಂದು ಊಟಕ್ಕೆ ಕೂತರೆ ಕುಚ್ಚಲಕ್ಕಿ ಅನ್ನದ ನಾಲ್ಕು ತುತ್ತಿಗೆ ದವಡೆ ಸೋಲುತ್ತಿತ್ತು. ಗಲ್ಲದ ಕೆಳಗೆ ಎಡಗೈ ಕೊಟ್ಟು ದವಡೆ ಎತ್ತಿ ಎತ್ತಿ ಅಗಿಯುತ್ತಿದ್ದೆ. ಯಾರೂ ನೋಡುವವರಿಲ್ಲ ಎನ್ನುವುದು ಒಂದು ಸಮಾಧಾನ. ಅದೇ ಒಂದು ಸಂಕಟ.

ಒಂದು ಶನಿವಾರ ಮನೆಗೆ ಹೋದಾಗ ಅಮ್ಮ ನೋಡಿಯೇ ಬಿಟ್ಟಳು. ರಾದ್ಧಾಂತ ಏನೂ ಮಾಡಲಿಲ್ಲ. ದೇವರ ಕೋಣೆಗೆ ಹೋಗಿ ಬಂದಳು.

"ಬೆಳ್ಳಿ ಕಣ್ಣ್ ಒಪ್ಸ್ತೆ ಅಂದ್ ಹರಕೆ ಹೇಳ್ಕಂಡೆ."

ನಮ್ಮ ಕಡೆ ಇದು ಮಾಮೂಲು. ಕಾಲು ನೋವಿಗೆ ಬೆಳ್ಳಿಯ ಕಾಲು, ಕಣ್ಣಿಗೆ ಬೆಳ್ಳಿಯ ಕಣ್ಣು, ತೆಳು ತಗಡಿನದು.

"ಅಮ್ಮಾ, ನನ್ ಕಣ್ಣ್ ಸರಿ ಇತ್ತ್. ಹಾಳಾದ್ದ್ ರೆಪ್ಪೆ. ಬೆಳ್ಳಿ ರೆಪ್ಪೆ ಎಲ್ಲಿ ಸಿಕ್ಕತ್ತ್?"

"ದೇವ್ರಿಗ್ ಗೊತ್ತಾತ್ತ್. ನೀ ಬಿಡ್ಸಿ ಹೇಳುದ್ ಬ್ಯಾಡ."

ಉಡುಪಿ ಕಡೆಯ ದೊಡ್ಡ ಆಸ್ಪತ್ರೆಯ ನ್ಯೂರಾಲಜಿಗೆ ನಾನು ಹೋದದ್ದು ಅದರ ಮರು ಸೋಮವಾರ. ಅಂದು ಜನ ಜಾಸ್ತಿ. ಸರದಿ ಬರುವಾಗ ನಾಲ್ಕೂವರೆ. ಅದೃಷ್ಟ ಅನ್ನುವ ಪದ ನಾನು ಬಳಸುವುದಿಲ್ಲ. ಸರದಿ ತಡವಾಯಿತು, ಅಷ್ಟೆ. ಡಾಕ್ಟರ್ ನಲವತ್ತರ ಆಸುಪಾಸಿನ ಹೆಂಗಸು, ಕಡಿಮೆ ಮಾತು. ಸೂರು ನೋಡುತ್ತ ಇರಿ ಅಂದರು. ಒಂದು ನಿಮಿಷದೊಳಗೆ ಎರಡೂ ರೆಪ್ಪೆ ಅಂಗಡಿಯ ಶಟರ್ ಥರ ಇಳಿದವು. ಅವರು ಕೈಗವಸಿನೊಳಗೆ ಐಸ್ ತುಂಡು ತುಂಬಿ ನನ್ನ ಬಲ ರೆಪ್ಪೆಯ ಮೇಲೆ ಎರಡು ನಿಮಿಷ ಹಿಡಿದರು. ತೆಗೆದರು.

ಕಣ್ಣು ಪೂರ್ತಿ ತೆರೆದಿತ್ತು.

"ಮಯಸ್ತೇನಿಯಾ ಗ್ರೇವಿಸ್," ಅಂದರು. "ನರದಿಂದ ಸ್ನಾಯುವಿಗೆ ಹೋಗುವ ಸೂಚನೆಯನ್ನು ನಿಮ್ಮ ದೇಹವೇ ದಾರಿಯಲ್ಲಿ ತಡೀತಾ ಇದೆ. ವಿಶ್ರಾಂತಿ ಕೊಟ್ರೆ ಸ್ನಾಯು ಚೇತರಿಸ್ತದೆ, ಬಳಸಿದ ಹಾಗೆ ಸೋಲ್ತದೆ. ಅದಕ್ಕೇ ಬೆಳಿಗ್ಗೆ ಸರಿ, ಸಂಜೆ ಇಲ್ಲ."

ನನಗೆ ಅಳು ಬಂತು. ಕಾಯಿಲೆಗಲ್ಲ. ನಾನು ಹೇಳಿದ್ದು ನಿಜ ಎಂದು ಒಬ್ಬರು ಒಪ್ಪಿದ್ದಕ್ಕೆ.

"ಯಾಕೆ ಬರ್ತದೆ ಡಾಕ್ಟ್ರೆ?"

"ನಿಮಗೇ ಯಾಕೆ ಅಂತ ಕೇಳಿದ್ರೆ, ಗೊತ್ತಿಲ್ಲ."

ರಕ್ತ ಪರೀಕ್ಷೆ, ನರದ ಟೆಸ್ಟ್, ಎದೆಯ ಸಿಟಿ ಸ್ಕ್ಯಾನ್ ಎಲ್ಲ ಬರೆದರು. ಒಂದು ಮಾತ್ರೆ ಅಂದೇ ಶುರು. ಹೊರಡುವಾಗ ಒಂದು ಅಭ್ಯಾಸ ಹೇಳಿಕೊಟ್ಟರು: ಉಸಿರು ಎಳೆದುಕೊಂಡು ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸಲು ಆಗುತ್ತದೆ ನೋಡಬೇಕು. ನಾನು ಮೂವತ್ತನಾಲ್ಕರವರೆಗೆ ಹೋದೆ. ಇಪ್ಪತ್ತಕ್ಕಿಂತ ಕೆಳಗೆ ಬಂದರೆ ಏನನ್ನೂ ಯೋಚಿಸದೆ ಆಸ್ಪತ್ರೆಗೆ ಬನ್ನಿ, ಅಂದರು.

ಆ ಸಂಜೆ ಕೋಣೆಯಲ್ಲಿ ಮೊದಲ ಮಾತ್ರೆ ನುಂಗಿದೆ. ಒಂದು ಗಂಟೆಯೊಳಗೆ ದನಿ ಮೂಗಿನಿಂದ ಇಳಿದು ಬಾಯಿಗೆ ಬಂತು. ಕನ್ನಡಿಯ ಮುಂದೆ ನಿಂತು ನಕ್ಕೆ. ತುಟಿಯ ಎರಡು ತುದಿಯೂ ಮೇಲೆದ್ದವು. ಅದನ್ನು ನೋಡಲು ನನ್ನನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ. ಅಪ್ಪಯ್ಯನಿಗೆ ಫೋನ್ ಮಾಡಿದೆ, ಹೋಟೆಲಿನ ಗದ್ದಲದಲ್ಲಿ ಅವರು ತೆಗೆಯಲಿಲ್ಲ.

ಮರುದಿನ ಮಂಗಳವಾರ ಅಮ್ಮ ದೇವಸ್ಥಾನಕ್ಕೆ ಹೋಗಿ ಬೆಳ್ಳಿ ಕಣ್ಣು ಒಪ್ಪಿಸಿದ್ದಳು. ಬುಧವಾರ ನಾನು ನಗುನಗುತ್ತ ಮನೆಗೆ ಹೋದೆ.

ಇನ್ನು ಹೇಳುವುದೇನು.

"ಮಂಗ್ಳಾರ ಒಪ್ಸಿ ಬಂದೆ, ಬುಧವಾರ ಕಣ್ಣ್ ಬಿಡ್ತ್ ಕಾಣ್."

"ಸೋಮವಾರ ಮಾತ್ರೆ ತಕಂಡಿದೆ ಅಮ್ಮಾ."

"ಸೋಮವಾರ ನಾ ಕಂಡಿಲ್ಲ ಅಲ್ದಾ?"

ಮಾತು ಅಲ್ಲಿಗೆ ನಿಂತಿದ್ದರೆ ತೊಂದರೆ ಇರಲಿಲ್ಲ. ರಿಪೋರ್ಟುಗಳು ಬಂದವು, ಸ್ಟೀರಾಯ್ಡ್ ಸೇರಿತು. ತಿಂಗಳುಗಳು ಕಳೆದವು. ಮುಖ ಊದಿಕೊಂಡಿತು, ಹೊಟ್ಟೆ ಆಗಾಗ ಕಚ್ಚಿ ಹಿಡಿಯುತ್ತಿತ್ತು, ಆದರೂ ಐದು ಗಂಟೆಯವರೆಗೆ ದನಿ ಇರುತ್ತಿತ್ತು. ಕಾಲೇಜು, ಕೋಣೆ ಎರಡೂ ಉಳಿದವು. ಆಗ ಸಿದ್ದಾಪುರದಲ್ಲಿ ಚಿಕ್ಕಮ್ಮನ ಹೊಸ ಮನೆಯ ಒಕ್ಕಲು, ಅಂದರೆ ಗೃಹಪ್ರವೇಶ, ಬಂತು. ಅಮ್ಮ ಅಲ್ಲಿ ನೆರೆದ ನೆಂಟರಿಗೆಲ್ಲ ಬೆಳ್ಳಿ ಕಣ್ಣಿನ ಕಥೆ ಹೇಳಿದಳು. ಒಬ್ಬೊಬ್ಬರಾಗಿ ಬಂದು ನನ್ನ ಗಲ್ಲ ಹಿಡಿದು ಮುಖ ಎತ್ತಿ ನೋಡಿದರು, ಸಂತೆಯಲ್ಲಿ ಸೌತೆಕಾಯಿ ನೋಡುವ ಹಾಗೆ.

"ಡಾಕ್ಟ್ರ್ ಎಂತ ಮಾಡ್ತ್ರ್ ಹೇಳ್. ದೇವ್ರ್ ಮನ್ಸ್ ಮಾಡ್ಕ್," ಅಂದಳು ಚಿಕ್ಕಮ್ಮ.

"ಹಂಗಾರೆ ಮಾತ್ರೆ ಬಿಟ್ಟ್ ಕಾಂಬನಾ?" ಅಂದೆ.

ಚಿಕ್ಕಮ್ಮ ನಕ್ಕಳು. "ನಿಂಗೆಲ್ಲಿ ಅಷ್ಟ್ ಧೈರ್ಯ ಇತ್ತ್, ಹೆಣೆ."

ತಮಾಷೆಗೆ ಹೇಳಿದ ಮಾತು. ನೆಂಟರೆಲ್ಲ ನಕ್ಕರು, ಪಾಯಸ ಬಡಿಸಿದರು. ನಾನು ಮಾತ್ರ ಆ ಮಾತನ್ನು ಬಸ್ಸಿನಲ್ಲಿ ಬ್ರಹ್ಮಾವರದವರೆಗೂ ಹೊತ್ತು ತಂದೆ. ಇಷ್ಟು ವರ್ಷ ಓದಿದವಳು ನಾನು. ಮಾತ್ರೆಯೋ ಹರಕೆಯೋ ಎಂದು ತೀರ್ಮಾನಿಸುವ ದಾರಿ ಇಷ್ಟು ಸುಲಭವಾಗಿರುವಾಗ ಯಾಕೆ ಸುಮ್ಮನಿರಬೇಕು? ಹರಕೆ ಹೇಗೂ ತೀರಿದೆ, ಅದನ್ನು ವಾಪಸು ಪಡೆಯಲಾಗದು. ಮಾತ್ರೆ ನಿಲ್ಲಿಸಬಹುದು. ನಿಲ್ಲಿಸಿದ ಮೇಲೆ ರೆಪ್ಪೆ ಬಿದ್ದರೆ, ಎತ್ತಿ ಹಿಡಿದದ್ದು ಮಾತ್ರೆ. ಒಂದೆರಡು ದಿನ ರೆಪ್ಪೆ ಬೀಳಲಿ, ಫೋಟೋ ತೆಗೆದು ಅಮ್ಮನಿಗೆ ಕಳಿಸಿ ಮತ್ತೆ ಶುರು ಮಾಡುವುದು. ನನಗೆ ಅದು ಅಷ್ಟು ಸ್ಪಷ್ಟವಾಗಿ, ಅಷ್ಟು ಚಂದವಾಗಿ ಕಂಡಿತು.

ಹೌದು. ಅಮ್ಮನ ಎದುರು ಒಂದು ವಾದ ಗೆಲ್ಲಲು ನಾನು ನನ್ನ ಮಾತ್ರೆ ನಿಲ್ಲಿಸಿದೆ.

ಇದನ್ನು ಓದಿ ಯಾರಾದರೂ ಹಾಗೆ ಮಾಡಿಯಾರು ಎಂಬ ಭಯ ನನಗಿಲ್ಲ. ಅಷ್ಟು ದಡ್ಡತನಕ್ಕೆ ತುಂಬಾ ಓದಿರಬೇಕಾಗುತ್ತದೆ.

ಒಂದು ನೋಟ್‌ಬುಕ್ ತಂದು ಮೊದಲ ಪುಟದಲ್ಲಿ "ಮಾತ್ರೆಯೋ ದೇವರೋ" ಎಂದು ಬರೆದೆ. ದಿನ ಒಂದು: ರೆಪ್ಪೆ ಸರಿ, ಎಣಿಕೆ ಮೂವತ್ತೊಂದು. ದಿನ ಮೂರು: ಸಂಜೆ ಎರಡು ಕಾಣುತ್ತಿದೆ, ರೆಪ್ಪೆ ಅರ್ಧ ಇಳಿದಿದೆ, ಫೋಟೋ ತೆಗೆದೆ. ಅಲ್ಲಿಗೆ ಸಾಕಾಗಬೇಕಿತ್ತು. ಆದರೆ ಫೋಟೋ ನೋಡಿ, ಇದು ನಿದ್ದೆಗೆಟ್ಟ ಮುಖ ಎಂದು ಅಮ್ಮ ತಳ್ಳಿಹಾಕಿಬಿಟ್ಟರೆ? ಇನ್ನಷ್ಟು ಗಟ್ಟಿ ಸಾಕ್ಷ್ಯ ಬೇಕು. ದಿನ ಆರು: ಶೀತ, ಸ್ವಲ್ಪ ಜ್ವರ. ದಿನ ಒಂಬತ್ತು: ಎಣಿಕೆ ಇಪ್ಪತ್ತೆರಡು. ಅಮ್ಮನಿಗೆ ಇನ್ನೂ ಹೇಳಿಲ್ಲ. ದಿನ ಹತ್ತು: ಹದಿನೇಳು.

ಇಪ್ಪತ್ತರ ಕೆಳಗೆ ಬಂದರೆ ಹೊರಡಬೇಕೆಂದು ನನಗೆ ಗೊತ್ತಿತ್ತು. ಹದಿನೇಳು ಎಂದು ಬರೆದು ಅಡಿಗೆರೆ ಎಳೆದೆ. ಆ ಅಂಕಿ ನೋಡಿ ನನಗಾದದ್ದು ಹೆದರಿಕೆಯಲ್ಲ, ಖುಷಿ. ನಾಳೆ ಬೆಳಿಗ್ಗೆ ಮಾತ್ರೆ ಶುರು ಮಾಡಿದರಾಯಿತು ಅಂದುಕೊಂಡೆ. ನಾಳೆ ಬೆಳಿಗ್ಗೆ ಎನ್ನುವುದು ನನ್ನ ಕೈಯಲ್ಲೇ ಇದೆ ಎಂಬ ಹಾಗೆ.

ಮರುದಿನ ಭಾನುವಾರ. ಬೆಳಿಗ್ಗೆ ಮಾತ್ರೆ ನುಂಗಲು ಹೋದರೆ ನೀರು ಮೂಗಿನಿಂದ ಹೊರಗೆ ಬಂತು. ಮಾತ್ರೆ ನಾಲಿಗೆಯ ಮೇಲೆಯೇ ಕರಗಿ ಕಹಿಯಾಯಿತು. ಮಲಗಿದರೆ ಎಂದಿನಂತೆ ಸರಿಯಾದೀತು ಎಂದು ಮಲಗಿದೆ. ಉಸಿರು ಸಾಲದೆ ಎದ್ದು ಕೂತೆ. ಮಧ್ಯಾಹ್ನದ ಹೊತ್ತಿಗೆ ತಲೆ ಕುತ್ತಿಗೆಯ ಮೇಲೆ ನಿಲ್ಲುತ್ತಿರಲಿಲ್ಲ. ಮೊಬೈಲ್ ಮೇಜಿನ ಮೇಲೆ, ಎರಡು ಮಾರು ದೂರ. ಕಿಟಕಿಯ ಕೆಳಗೆ ಗೋಡೆಗೆ ಒರಗಿ ಕೂತು, ಗಲ್ಲವನ್ನು ಕೈಯಲ್ಲಿ ಹಿಡಿದು ಎಣಿಸಿದೆ. ಐದು. ಕೂಗಿದೆ. ಕೂಗು ಹೊರಗೆ ಬರಲಿಲ್ಲ. ಗಾಳಿಯೇ ಇಲ್ಲದ ಮೇಲೆ ಕೂಗು ಎಲ್ಲಿಂದ?

ಮನೆಯ ಒಡತಿ ಐರಿನ್ ಬಾಯಿ ಅದೇ ಕಂಪೌಂಡಿನಲ್ಲಿ ಇರುವವರು. ಐವತ್ತೈದು ದಾಟಿದ ಅವಿವಾಹಿತೆ. ಜಗಲಿಯಲ್ಲಿ ಮೆಷಿನ್ ಇಟ್ಟುಕೊಂಡು ಊರವರ ರವಿಕೆ ಹೊಲಿಯುತ್ತಾರೆ. ಎಲ್ಲಿಗೆ ಹೋಗಿದ್ದೆ, ಯಾರು ಬಂದಿದ್ದರು ಎಂದು ಕೇಳುವವರಾದ್ದರಿಂದ ನಾನು ಎರಡು ವರ್ಷದಿಂದ ಅವರನ್ನು ಅಂತರದಲ್ಲಿ ಇಟ್ಟಿದ್ದೆ. ಅಂದು ನಾನು ಒಗೆದ ಬಟ್ಟೆ ತಂತಿಯಿಂದ ತೆಗೆದಿಲ್ಲ ಎಂದು ಗದರಲು ಕಿಟಕಿಗೆ ಬಂದರು.

"ಸ್ವಾತೀ, ಮಳೆ ಬರುವ ಹಾಗೆ ಉಂಟು, ಬಟ್ಟೆ..." ಅಂದವರು ಬಗ್ಗಿ ನೋಡಿದರು. "ಏ ದೇವಾ! ಎಂತ ಆಯ್ತು ನಿಂಗೆ? ಮಾತಾಡು ಮಾರಾಯ್ತಿ!"

ಮಾತಾಡು. ಅದೊಂದನ್ನೇ ನನಗೆ ಮಾಡಲಾಗುತ್ತಿರಲಿಲ್ಲ. ಅವರು ಪಕ್ಕದ ಮನೆಯವರನ್ನು ಕರೆದು ಬಾಗಿಲು ಒಡೆಸಿದರು. ಮೇಜಿನ ಮೇಲಿದ್ದ ಔಷಧ, ಫೈಲು, ನೋಟ್‌ಬುಕ್ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿಕೊಂಡು ಆಂಬುಲೆನ್ಸ್ ಹತ್ತಿದರು. ದಾರಿಯುದ್ದಕ್ಕೂ ನನ್ನ ಗಲ್ಲವನ್ನು ಎತ್ತಿ ಹಿಡಿದವರು ಅವರೇ.

ಐಸಿಯು ಬಗ್ಗೆ ಹೆಚ್ಚು ಹೇಳಲಾರೆ. ಗಂಟಲಲ್ಲಿ ಟ್ಯೂಬ್, ಉಸಿರಾಡುವುದು ವೆಂಟಿಲೇಟರ್. ರಕ್ತದ ಪ್ಲಾಸ್ಮಾ ಬದಲಿಸುವ ಚಿಕಿತ್ಸೆ ದಿನ ಬಿಟ್ಟು ದಿನ. ನೋವಿಗಿಂತ ಕೆಟ್ಟದ್ದು ಬೇರೆ. ನನಗೆ ಎಚ್ಚರವಿರುತ್ತಿತ್ತು, ಬುದ್ಧಿ ಪೂರ್ತಿ ನೆಟ್ಟಗಿತ್ತು. ರೆಪ್ಪೆ ಎತ್ತಲು ಆಗುತ್ತಿರಲಿಲ್ಲ, ಅಷ್ಟೆ. ನೋಡಿದವರಿಗೆ ನಿದ್ದೆ. ಹಾಗಾಗಿ ಯಾರೂ ನನ್ನೊಡನೆ ಮಾತಾಡುತ್ತಿರಲಿಲ್ಲ, ನನ್ನ ಮೇಲಿನಿಂದ ಮಾತಾಡುತ್ತಿದ್ದರು. ನರ್ಸ್ ಒಬ್ಬಳ ನಿಶ್ಚಿತಾರ್ಥದ ಸೀರೆಯ ಬಣ್ಣ ನನಗೆ ಗೊತ್ತು. ಪಕ್ಕದ ಹಾಸಿಗೆಯವರು ತೀರಿಹೋದದ್ದು ಗೊತ್ತು. ಹಗಲೋ ಸಂಜೆಯೋ ಗೊತ್ತಿಲ್ಲ. ಜೀವಮಾನದಲ್ಲಿ ಮೊದಲ ಸಲ, ಯಾರ ಮಾತಿಗೂ ನನ್ನಿಂದ ಪ್ರತಿಕ್ರಿಯೆ ಇರಲಿಲ್ಲ. ಅದರ ಕೊರತೆ ಯಾರಿಗೂ ಕಾಣಲಿಲ್ಲ.

ದಿನಕ್ಕೆ ಹತ್ತು ನಿಮಿಷ ಅಮ್ಮನಿಗೆ ಬಿಡುತ್ತಿದ್ದರು. ಮೊದಲೆರಡು ದಿನ ಅವಳು ನನ್ನ ಕಾಲು ನೀವಿ ಹೋದಳು. ಮೂರನೆಯ ದಿನ ಕಾಗದ ಮಗುಚುವ ಸದ್ದು ಕೇಳಿತು. ಐರಿನ್ ಬಾಯಿಯ ಚೀಲ ಅವಳ ಕೈ ಸೇರಿತ್ತು. ಏಳನೇ ತರಗತಿಯವರೆಗೆ ಓದಿದ ಅಮ್ಮ ಅಕ್ಷರ ಅಕ್ಷರ ಕೂಡಿಸಿ ಮೆಲ್ಲಗೆ ಓದಿದಳು. "ಮಾ-ತ್ರೆ-ಯೋ ದೇ-ವ-ರೋ." ಪುಟ ತಿರುವಿದಳು. "ಅಮ್ಮನಿಗೆ ಇನ್ನೂ ಹೇಳಿಲ್ಲ."

ನೋಟ್‌ಬುಕ್ ಮುಚ್ಚಿದ ಸದ್ದಾಯಿತು. ಆಮೇಲೆ ಅವಳ ಬಾಯಿ ನನ್ನ ಕಿವಿಯ ಹತ್ತಿರ ಬಂತು.

"ಗೆದ್ದೆ ಮಗಾ ನೀನ್. ನಾನ್ ಸೋತೆ. ಮಾತ್ರೆಯೇ ಸೈ. ಇನ್ನ್ ಕಣ್ಣ್ ಬಿಡ್."

ಬಿಡಲು ಆಗಲಿಲ್ಲ. ಬಲಗೈಯ ಬೆರಳು ಒಂದಿಷ್ಟು ಆಡುತ್ತಿತ್ತು, ಆಡಿಸಿದೆ. ಅಮ್ಮನಿಗೆ ಕಾಣಲಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಿರಬೇಕು.

ಸಮಯ ಆಯಿತು ಎಂದು ನರ್ಸ್ ಅವಳನ್ನು ಕರೆದುಕೊಂಡು ಹೋದಳು.

ಎಷ್ಟೋ ಬಹುಮಾನ ತಂದಿದ್ದೇನೆ. ಎದುರಾಳಿ ಹೀಗೆ ಬೇಷರತ್ತಾಗಿ ಸೋಲೊಪ್ಪಿದ್ದು ಅದೊಂದೇ ಸಲ. ಅದು ತಪ್ಪು, ನನಗೆ ಆ ಗೆಲುವು ಬೇಡ ಎಂದು ಹೇಳಲು ಬಾಯಿಯಲ್ಲಿ ಟ್ಯೂಬ್ ಇತ್ತು.

ಟ್ಯೂಬ್ ತೆಗೆದು ವಾರ್ಡಿಗೆ ಬಂದ ಮೇಲೆ ನ್ಯೂರಾಲಜಿಯ ಡಾಕ್ಟರ್ ಆ ನೋಟ್‌ಬುಕ್ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತರು. ಬೈಗುಳಕ್ಕೆ ತಯಾರಾದೆ. ಬೈದರು. ಆಮೇಲೆ ಹೇಳಿದರು:

"ಡಿಬೇಟ್ ಮಾಡ್ತಿದ್ರಂತೆ ನೀವು. ಎದುರಿನವರು ಈ ಪುರಾವೆ ತಂದಿದ್ರೆ ಒಪ್ತಿದ್ರಾ? ಒಬ್ಬರ ಮೇಲೆ ಪ್ರಯೋಗ. ಆರನೇ ದಿನ ಜ್ವರ. ಈ ಕಾಯಿಲೆ ಜ್ವರ ಬಂದ್ರೂ ಹೀಗೆ ತಿರುಗ್ತದೆ. ಮಾತ್ರೆ ಬಿಟ್ಟಿದ್ದರಿಂದ ಆಯ್ತಾ, ಜ್ವರದಿಂದ ಆಯ್ತಾ? ಎರಡೂ ಸೇರಿತಾ? ನಾನೇ ಖಡಾಖಂಡಿತ ಹೇಳಲಾರೆ."

ನನ್ನ ದನಿ ಗಾಳಿಯಷ್ಟೇ ಇತ್ತು. "ಹಾಗಾದ್ರೆ... ಮಾತ್ರೆ ಕೆಲಸ ಮಾಡ್ತದೆ ಅಂತ..."

"ಮಾಡ್ತದೆ. ಅದು ಸಾವಿರಾರು ಜನರಲ್ಲಿ ನೋಡಿ ತಿಳಿದದ್ದು. ನಿಮ್ಮ ನೋಟ್‌ಬುಕ್ಕಿನಿಂದ ಅಲ್ಲ. ಅದಕ್ಕೇ ತಗೊಳ್ಳಿ ಅನ್ನುವುದು. ಆದ್ರೆ ಸರಿಯಾಗಿ ತಗೊಂಡವರಿಗೂ ಒಂದೊಂದು ಸಲ ಕಾರಣವಿಲ್ಲದೆ ಹೆಚ್ಚಾಗ್ತದೆ. ಹೀಗೆ ಮಾಡಿದ್ರೆ ಖಂಡಿತ ಹೀಗೇ ಇರ್ತೇನೆ ಅನ್ನುವ ಗ್ಯಾರಂಟಿ ನನ್ನ ಹತ್ರ ಇಲ್ಲ. ನಿಮ್ಮ ಹತ್ರವೂ ಇಲ್ಲ."

ಇಷ್ಟು ಮಾಡಿಯೂ ನಾನು ಏನನ್ನೂ ಸಾಬೀತು ಮಾಡಿರಲಿಲ್ಲ.

ಅದನ್ನು ನುಂಗಲು ನನಗೆ ಅನ್ನ ನುಂಗುವುದಕ್ಕಿಂತ ಹೆಚ್ಚು ದಿನ ಹಿಡಿಯಿತು. ನನ್ನ ಸಂದೇಹಬುದ್ಧಿಯನ್ನು ನಾನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ದೇವರ ವಿಷಯದಲ್ಲಿ ನಾನಿದ್ದಲ್ಲೇ ಇದ್ದೇನೆ. ಆದರೆ ಎಲ್ಲರ ನಂಬಿಕೆಯನ್ನೂ ಪ್ರಶ್ನಿಸುತ್ತಿದ್ದ ನಾನು ಒಂದು ನಂಬಿಕೆಯನ್ನು ಮುಟ್ಟಿಯೇ ಇರಲಿಲ್ಲ. ಕಾರಣ ಗೊತ್ತಾದರೆ ಸಾಕು, ಲಗಾಮು ನನ್ನ ಕೈಯಲ್ಲಿರುತ್ತದೆ ಎಂಬ ನಂಬಿಕೆ. ಅಮ್ಮ ಹರಕೆ ಹೇಳಿಕೊಂಡು ಕಾಯುತ್ತಿದ್ದಳು. ನಾನು ನೋಟ್‌ಬುಕ್ ಬರೆದುಕೊಂಡು, ದೇಹಕ್ಕೆ ಆಜ್ಞೆ ಕೊಡುತ್ತಿದ್ದೇನೆ ಎಂದು ತಿಳಿದಿದ್ದೆ. ಕಾಯುತ್ತಿದ್ದದ್ದು ಇಬ್ಬರೂ, ಅದು ಗೊತ್ತಿದ್ದವಳು ಅವಳು ಮಾತ್ರ.

ಮೂರು ತಿಂಗಳು ಹಾಲಾಡಿಯ ಮನೆಯಲ್ಲಿದ್ದೆ. ಅಮ್ಮ ಗಡಿಯಾರ ನೋಡಿ ಮಾತ್ರೆ ತಂದುಕೊಡುತ್ತಿದ್ದಳು, ಗಂಜಿಯನ್ನು ಕಿವುಚಿ ನುಣ್ಣಗೆ ಮಾಡಿ ಕೊಡುತ್ತಿದ್ದಳು. ದೇವರ ಹೆಸರು ಮಾತ್ರ ಎತ್ತುತ್ತಿರಲಿಲ್ಲ. ನಾನು ಏನಂದರೂ "ಹೌದ್ ಮಗಾ" ಅನ್ನುತ್ತಿದ್ದಳು. ಆ ಹೌದು ಕೇಳಿ ಕೇಳಿ ಮನೆ ಬಿಕೋ ಅನಿಸತೊಡಗಿತು. ಎದುರು ಮಾತಾಡುವ ಅಮ್ಮನ ಬಾಯಿಯನ್ನು ನಾನೇ ಮುಚ್ಚಿಸಿದ್ದೆ. ಒಂದು ಸಂಜೆ ತಡೆಯದೆ ಕೇಳಿದೆ.

"ಈಗ ಹರಕೆ ಎಂತಾರೂ ಹೇಳ್ಕಂಡಿದ್ಯಾ?"

"ಹೇಳ್ಕಂಡಿದೆ."

"ಎಂತದ್?"

"ನಿಂಗ್ ಹೇಳುದಿಲ್ಲ."

"ಎಂತಕ್?"

"ನೀ ಮತ್ತ್ ಮಾತ್ರೆ ಬಿಟ್ರೆ?"

ನನಗೆ ನಗು ಉಕ್ಕಿತು. ಸಂಜೆಯಾದ್ದರಿಂದ ಹಲ್ಲಷ್ಟೇ ಕಾಣಿಸಿತು. ಅಮ್ಮ ನನ್ನ ಮುಖ ನೋಡಿ, "ನೆಗಿ ಆಡುಕ್ ಎಂತ ಇತ್ತ್ ಇದ್ರಲ್ಲ್?" ಎಂದು ತಾನೂ ನಕ್ಕಳು. ಅದು ನಗು ಎಂದು ಅವಳಿಗೆ ಗೊತ್ತಾಗಿತ್ತು. ಯಾರೂ ಹೇಳಿಕೊಟ್ಟಿರಲಿಲ್ಲ.

ಕೋಣೆಗೆ ಮರಳಬಹುದು ಎಂದು ಡಾಕ್ಟರ್ ಒಪ್ಪಿದ್ದು ಹೋದ ತಿಂಗಳು. ಒಬ್ಬಳೇ ಇರುವ ಹಾಗಿಲ್ಲ, ದಿನಕ್ಕೆ ಎರಡು ಸಲವಾದರೂ ಯಾರಾದರೂ ಬಂದು ನೋಡಬೇಕು ಎಂಬ ಷರತ್ತಿನ ಮೇಲೆ. ಮೊದಲಿನ ನಾನಾಗಿದ್ದರೆ ಷರತ್ತಿನ ಒಂದೊಂದು ಪದವನ್ನೂ ಹಿಡಿದು ಜಗ್ಗುತ್ತಿದ್ದೆ. ಪ್ರಿನ್ಸಿಪಾಲರು ವಾರಕ್ಕೆ ಮೂರು ದಿನ, ಬೆಳಗಿನ ಎರಡು ಪೀರಿಯಡ್ ಕೊಟ್ಟಿದ್ದಾರೆ. ಬರುವ ವರ್ಷ ಕರೆಯುತ್ತಾರೋ ಇಲ್ಲವೋ ಗೊತ್ತಿಲ್ಲ. ಮೊದಲ ದಿನವೇ ತರಗತಿಗೆ ಹೇಳಿಬಿಟ್ಟೆ: ನನ್ನ ಮುಖ ಸಿಟ್ಟಿನ ಹಾಗೆ ಕಂಡರೆ ಅದು ಸಿಟ್ಟಲ್ಲ, ಸ್ನಾಯು. ಅವರು ತಲೆಯಾಡಿಸಿದರು. ಎಷ್ಟು ನಂಬಿದರೋ. ಸ್ಟಾಫ್ ರೂಮಿನಲ್ಲಿ ಈಗಲೂ ನನ್ನ ಪಕ್ಕದ ಕುರ್ಚಿ ಹೆಚ್ಚಾಗಿ ಖಾಲಿ.

ಐರಿನ್ ಬಾಯಿ ಬೆಳಿಗ್ಗೆ ಕಿಟಕಿಯಿಂದ ಒಮ್ಮೆ ಇಣುಕುತ್ತಾರೆ, ಮತ್ತೆ ಸಂಜೆ ಆರಕ್ಕೆ ಬರುತ್ತಾರೆ. ಆ ಹೊತ್ತಿಗೆ ನನ್ನಲ್ಲಿ ಮಾತು ಮುಗಿದಿರುತ್ತದೆ. ಬಂದವರು ರವಿಕೆಯ ಹುಕ್ಕು ಹಾಕುತ್ತ ಕೂರುತ್ತಾರೆ, ಅವರೇ ಮಾತಾಡುತ್ತಾರೆ. ನಿನ್ನೆ ಹೇಳಿದರು, "ಮೊದಲೆಲ್ಲ ಮಳೆ ತಾರೀಕು ನೋಡಿ ಬರ್ತಿತ್ತು ಮಾರಾಯ್ತಿ. ಈ ಮೊಬೈಲ್ ಟವರ್ ಹಾಕಿದ ಮೇಲೆ ಅದಕ್ಕೆ ದಾರಿ ತಪ್ಪಿದ್ದು."

ಎರಡು ವಾಕ್ಯ, ಕಡಿಮೆಯೆಂದರೂ ಮೂರು ತಪ್ಪು. ಉತ್ತರ ನಾಲಿಗೆಯ ತುದಿಯವರೆಗೆ ಬಂತು. ನಾಲಿಗೆ ಏಳಲಿಲ್ಲ. ಅವರು ನನ್ನ ಕಡೆ ನೋಡಿ, "ಅಲ್ವಾ?" ಅಂದರು. ನಾನು ಗಲ್ಲಕ್ಕೆ ಕೈ ಕೊಟ್ಟು ಕೂತೆ. ಅವರು ಮುಂದಿನ ಹುಕ್ಕು ಹಾಕಿದರು. ಬೆಳಿಗ್ಗೆ ದನಿ ಬಂದಾಗ ಹೇಳುತ್ತೇನೆ ಅಂದುಕೊಂಡೆ.

ಬೆಳಿಗ್ಗೆ ದನಿ ಬಂತು. ಅಷ್ಟರಲ್ಲಿ ಐರಿನ್ ಬಾಯಿ ಇಣುಕಿ ನೋಡಿ ಚರ್ಚಿಗೆ ಹೋಗಿದ್ದರು. ಮಾತ್ರೆ ನುಂಗಿದೆ, ಬಿಸಿಲಲ್ಲಿ ನಿಂತು ಎಣಿಸಿದೆ, ಇಪ್ಪತ್ತೊಂಬತ್ತು. ಸಂಜೆಗೆ ಎಷ್ಟಿರುತ್ತದೆ ಎಂದು ಹೇಳಲಾರೆ. ಅವರು ಕೂರುವ ಕುರ್ಚಿಯನ್ನು ಆಗಲೇ ಹೊರಗೆ ತಂದಿಟ್ಟು ಕಾಲೇಜಿಗೆ ಬಂದೆ. ಆರು ಗಂಟೆಯ ಹೊತ್ತಿಗೆ ಅದನ್ನು ಎತ್ತಲು ನನ್ನ ಕೈಗೆ ಆಗದಿರಬಹುದು.